ಬಿದಿರು ಕೋಲಿನ ಹುಡುಗಿಗೆ ಎಷ್ಟು ಅಂಕ?

‘ಮಹಾಶ್ವೇತೆ ಮತ್ತು ಕಾದಂಬರಿ, ಇವರಿಬ್ಬರ ಪ್ರೇಮನಿಷ್ಠೆ ಹಾಗೂ ಗುಣಸ್ವಭಾವಗಳನ್ನು ಹೋಲಿಸಿ ಬರೆಯಿರಿ. ಹತ್ತು ಅಂಕ.’

ಈ ಪ್ರಶ್ನೆಯನ್ನು ನಾವು ಬಲ್ಲೆವು. ಹಳಗನ್ನಡ ಓದಿದವರಿಗೆ ನಾಗವರ್ಮನ ‘ಕರ್ಣಾಟಕ ಕಾದಂಬರಿ’ಯ ಕಡೆಯಿಂದ, ಸಂಸ್ಕೃತ ತೆಗೆದುಕೊಂಡವರಿಗೆ ಬಾಣಭಟ್ಟನ ಕಡೆಯಿಂದ, ಗೈಡು ಓದಿ ಪಾಸಾದವರಿಗೆ ಗೈಡಿನ ಕಡೆಯಿಂದ ಇದು ಬಂದೇ ಬರುತ್ತದೆ. ಕೊಪ್ಪ, ಶೃಂಗೇರಿ, ನರಸಿಂಹರಾಜಪುರದ ಕೇರಿಗಳಿಂದ ಬಸ್ಸು ಹಿಡಿದು ಕಾಲೇಜಿಗೆ ಹೋದ ಮೊದಲ ತಲೆಮಾರಿನವರು ನಾವು. ನಾವೂ ಎರಡು ಪುಟ ಬರೆದೆವು. ಅಂಕವೂ ಬಂತು. ಆ ಎರಡು ಪುಟದಲ್ಲಿ ಹಿಡಿಸದ ಮಾತುಗಳನ್ನು ಈಗ ಇಲ್ಲಿ ಬರೆಯುತ್ತಿದ್ದೇವೆ. ಇದಕ್ಕೆ ಅಂಕ ಕೊಡುವವರು ಯಾರೂ ಇಲ್ಲ ಅನ್ನುವ ಧೈರ್ಯದಿಂದ.

ಮೊದಲು ಕಥೆ. ಓದದವರು ಓದಿಲ್ಲ ಅಂತ ನಾಚಬೇಕಾಗಿಲ್ಲ. ಓದಿದವರಲ್ಲೂ ಅರ್ಧ ಜನ ಎಳೆ ಕಳಕೊಂಡವರೇ. ಗಿಳಿಯೊಳಗೆ ಮಂತ್ರಿಯ ಮಗ, ಮಂತ್ರಿಯ ಮಗನೊಳಗೆ ಮುನಿಕುಮಾರ. ದೊರೆಯೊಳಗೆ ರಾಜಕುಮಾರ, ರಾಜಕುಮಾರನೊಳಗೆ ಚಂದ್ರ. ಹೀಗೆ ಅಜ್ಜಿಕಥೆಯ ಹಾಗೆ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಏಳನೆಯ ಶತಮಾನದಲ್ಲಿ ಹರ್ಷನ ಆಸ್ಥಾನದ ಬಾಣ ಬರೆಯತೊಡಗಿದ, ಮುಗಿಸುವ ಮೊದಲೇ ತೀರಿಕೊಂಡ, ಮಗ ಮುಗಿಸಿದ. ಮುಂದೆ ನಾಗವರ್ಮ ಅದನ್ನು ಕನ್ನಡದ ಚಂಪುವಿಗೆ ತಂದ. ಆ ಹೆಸರು ಎಷ್ಟು ಅಂಟಿಕೊಂಡಿತೆಂದರೆ ಕನ್ನಡದಲ್ಲೂ ಮರಾಠಿಯಲ್ಲೂ ನಾವೆಲ್ಲಿಗೇ ‘ಕಾದಂಬರಿ’ ಎಂದಾಯಿತು. ಅಂದರೆ 1933ರ ‘ಚೋಮನ ದುಡಿ’ಯನ್ನು ಕೂಡ ನಾವು ಕರೆಯುವುದು ಈ ಗಂಧರ್ವ ರಾಜಕುಮಾರಿಯ ಹೆಸರು ಹಿಡಿದೇ! ಬೇಸಾಯಕ್ಕೆ ತುಂಡು ಭೂಮಿ ಸಿಗದೆ ಸತ್ತ ಚೋಮನಿಗೆ ಇದು ಗೊತ್ತಿರಲಿಲ್ಲ, ಬಿಡಿ.

ಮಹಾಶ್ವೇತೆ ಗಂಧರ್ವರ ಹುಡುಗಿ. ಅಚ್ಛೋದ ಸರೋವರದ ದಡದಲ್ಲಿ ಮುನಿಕುಮಾರ ಪುಂಡರೀಕನನ್ನು ಕಂಡಳು. ಅವನ ಕಿವಿಯಲ್ಲಿ ಒಂದು ಹೂವು. ಅಷ್ಟೇ, ಇಬ್ಬರೂ ಸೋತರು. ಅವಳು ಅವನ ಹತ್ತಿರ ಬರುವಷ್ಟರಲ್ಲಿ ಚಂದ್ರ ಹುಟ್ಟಿ, ವಿರಹ ತಾಳದೆ ಹುಡುಗ ಸತ್ತೇಹೋದ. ಸಾಯುವ ಮೊದಲು ಚಂದ್ರನಿಗೇ ಶಾಪ ಕೊಟ್ಟ. ಚಂದ್ರನೂ ತಿರುಗಿ ಶಾಪ ಕೊಟ್ಟ. ಆಕಾಶದಿಂದ ಒಬ್ಬ ಇಳಿದು ಬಂದು ಹೆಣವನ್ನು ಎತ್ತಿಕೊಂಡು, ‘ಮತ್ತೆ ಸೇರುತ್ತೀರಿ’ ಎಂದು ಮಾತು ಕೊಟ್ಟು ಹೋದ. ಅಂದಿನಿಂದ ಅವಳು ತಾಪಸಿ. ಶಿವನ ಗುಡಿಯಲ್ಲಿ ವೀಣೆ ಹಿಡಿದು ಕೂತಳು.

ಕಾದಂಬರಿ ಅವಳ ಗೆಳತಿ. ಗೆಳತಿಯ ದುಃಖ ತೀರುವ ತನಕ ತನಗೂ ಮದುವೆ ಬೇಡ ಎಂದು ಹಟ ಹಿಡಿದವಳು. ಆದರೆ ಉಜ್ಜಯಿನಿಯ ರಾಜಕುಮಾರ ಚಂದ್ರಾಪೀಡ ಬಂದಾಗ ಆ ಹಟ ಕರಗಿತು. ಅವನನ್ನು ತಂದೆ ಕರೆಸಿಕೊಂಡ. ಹಿಂದುಳಿದ ಗೆಳೆಯ ವೈಶಂಪಾಯನ, ಮಂತ್ರಿಯ ಮಗ, ಮಹಾಶ್ವೇತೆಯನ್ನು ಕಂಡು ಹುಚ್ಚನಂತೆ ಹಿಂದೆ ಬಿದ್ದ. ಅವಳು ‘ಗಿಳಿಯಾಗಿ ಹುಟ್ಟು’ ಎಂದು ಶಪಿಸಿದಳು. ಅವನು ಸತ್ತ. ಆ ಸುದ್ದಿ ಕೇಳಿ ಚಂದ್ರಾಪೀಡನ ಎದೆಯೂ ಒಡೆಯಿತು. ಹೆಣದ ಮುಂದೆ ಬಂದು ನಿಂತ ಕಾದಂಬರಿಗೆ ಆಕಾಶವಾಣಿ ಆಯಿತು: ಸುಡಬೇಡ, ಕಾದುಕೋ. ಕಾದಳು. ದಿನಾ ಪೂಜಿಸಿದಳು, ಉಪಚರಿಸಿದಳು. ಕೊನೆಗೆ ಒಂದು ವಸಂತದ ದಿನ ತಬ್ಬಿಕೊಂಡಳು. ಅವನು ಎದ್ದು ಕೂತ. ಪುಂಡರೀಕನೂ ಮೇಲಿನಿಂದ ಇಳಿದು ಬಂದ. ಎರಡು ಮದುವೆ. ಮಂಗಳ.

ಶೃಂಗೇರಿ ಕಡೆಯವರಿಗೆ ಹೆಣ್ಣಿಗೆ ಸೋತ ಮುನಿಕುಮಾರನ ಕಥೆ ಹೊಸದಲ್ಲ. ಊರಿಗೆ ಹೆಸರು ಬಂದದ್ದೇ ಋಷ್ಯಶೃಂಗನಿಂದ ಅನ್ನುತ್ತಾರೆ. ಕಿಗ್ಗದಲ್ಲಿ ಅವನ ಗುಡಿ ಇದೆ, ಮಳೆಗಾಗಿ ಈಗಲೂ ಹರಕೆ ಹೊರುತ್ತಾರೆ. ಹೆಣ್ಣನ್ನೇ ಕಾಣದ ಆ ಹುಡುಗನನ್ನು ಕಾಡಿನಿಂದ ಅಂಗದೇಶಕ್ಕೆ ಕರೆತಂದವರು ವೇಶ್ಯೆಯರು. ಮಳೆ ಬಂತು. ಗಂಡ ಸಿಕ್ಕಿದ್ದು ರಾಜಕುಮಾರಿ ಶಾಂತೆಗೆ. ಕರೆತಂದವರ ಹೆಸರು ಯಾರಿಗೆ ಗೊತ್ತು? ಪ್ರೀತಿಯ ಕಥೆಗಳಲ್ಲಿ ದುಡಿದವರು ಒಬ್ಬರು, ಮಂಟಪದಲ್ಲಿ ಕೂರುವವರು ಇನ್ನೊಬ್ಬರು. ಇದನ್ನು ನೆನಪಿಟ್ಟುಕೊಂಡು ಮುಂದಕ್ಕೆ ಓದಿ.

ಹೋಲಿಕೆಗೆ ಬರೋಣ. ಪಂಡಿತರು ಸಾಮಾನ್ಯವಾಗಿ ಮಹಾಶ್ವೇತೆಗೆ ಒಂದು ಅಂಕ ಹೆಚ್ಚು ಕೊಡುತ್ತಾರೆ. ಬಿಳಿ ಮೈ, ಬಿಳಿ ಬಟ್ಟೆ, ಬಿಳಿ ಹೆಸರು, ವ್ರತ. ವೈದಿಕ ಕಣ್ಣಿಗೆ ಇದಕ್ಕಿಂತ ತಂಪು ಯಾವುದಿದೆ! ಆದರೆ ಈ ನಿಷ್ಠೆಯ ಒಳಗಡೆ ಒಂದು ಸಂಗತಿ ಇದೆ. ಅವಳು ಶಪಿಸಿ ಕೊಂದ ವೈಶಂಪಾಯನ ಬೇರೆ ಯಾರೂ ಅಲ್ಲ, ಮರುಹುಟ್ಟು ಪಡೆದ ಅದೇ ಪುಂಡರೀಕ. ವರ್ಷಗಟ್ಟಲೆ ಯಾರಿಗಾಗಿ ವೀಣೆ ನುಡಿಸಿದಳೋ ಅವನೇ ಎದುರು ಬಂದು ಬೇಡಿದರೆ ಗುರುತು ಸಿಗಲಿಲ್ಲ. ಹುಟ್ಟು ಬದಲಾಗಿತ್ತಲ್ಲ! ಅವನ ನಡತೆ ಒಪ್ಪುವಂಥದಲ್ಲ, ಬೇಡ ಅಂದ ಹೆಣ್ಣಿನ ಹಿಂದೆ ಬೀಳುವವನಿಗೆ ಶಾಪ ಸಲ್ಲಬೇಕಾದದ್ದೇ. ಆ ಮಾತು ಬೇರೆ. ನಾವು ಹೇಳುವುದು, ಒಂದೇ ಒಂದು ದೇಹವನ್ನು, ಒಂದೇ ಒಂದು ಹುಟ್ಟನ್ನು ಬಿಟ್ಟರೆ ಬೇರೆ ಕಡೆ ಪ್ರಿಯನನ್ನು ಕಾಣಲಾರದ ನಿಷ್ಠೆಯನ್ನು ಪ್ರೀತಿ ಅನ್ನುವುದೋ, ವ್ರತ ಅನ್ನುವುದೋ?

ನಮ್ಮ ಓಟು ಕಾದಂಬರಿಗೆ. ಅವಳು ಅಳುಬುರುಕಿ, ಸುಖದಲ್ಲಿ ಬೆಳೆದವಳು, ಪ್ರೀತಿಯನ್ನು ಬಾಯಿ ಬಿಟ್ಟು ಹೇಳುವುದಕ್ಕೂ ಹಿಂಜರಿದವಳು. ಆದರೆ ಹೆಣವನ್ನು ಕೈಯಿಂದ ಮುಟ್ಟಿದಳು. ಆಕಾಶವಾಣಿ ಹೇಳಿದ್ದೂ ಅದನ್ನೇ: ಕಾದಂಬರಿಯ ಕೈ ಸೋಕುತ್ತಿದ್ದರೆ ಚಂದ್ರಾಪೀಡನ ದೇಹ ಕೊಳೆಯುವುದಿಲ್ಲ. ಮೈಲಿಗೆಯ ಲೆಕ್ಕ ಬರೆದಿಟ್ಟ ದೇಶದಲ್ಲಿ, ಹೆಣ ಮುಟ್ಟಿದರೆ ಮುಳುಗಿ ಏಳಬೇಕು ಅನ್ನುವ ದೇಶದಲ್ಲಿ, ಒಬ್ಬ ಹೆಣ್ಣಿನ ಮುಟ್ಟುವಿಕೆಯೇ ಹೆಣವನ್ನು ಉಳಿಸುತ್ತದೆ ಎಂದು ಬರೆದ ಬಾಣನ ಮಗ ಸಣ್ಣ ಮಾತು ಹೇಳಲಿಲ್ಲ.

ಸರಿ. ಹಾಗಾದರೆ ಅದೇ ಪುಸ್ತಕದ ಮೊದಲ ಪುಟಗಳಿಗೆ ಹೋಗೋಣ. ಬಾಣನೇ ಬರೆದ ಪುಟಗಳು.

ವಿದಿಶೆಯ ದೊರೆಯ ಹೆಸರು ಶೂದ್ರಕ. (ಹೆಸರು ನೋಡಿ ಮೋಸಹೋಗಬೇಡಿ, ನಮ್ಮವನಲ್ಲ.) ಅವನ ಒಡ್ಡೋಲಗಕ್ಕೆ ಒಬ್ಬ ಚಾಂಡಾಲ ಹುಡುಗಿ ಬರುತ್ತಾಳೆ. ಮುಂದೆ ತಲೆ ನರೆತ ಮುದುಕ, ಹಿಂದೆ ಗಿಳಿಯ ಪಂಜರ ಹಿಡಿದ ಹುಡುಗ. ಅವಳ ಕೈಯಲ್ಲಿ ಒಂದು ಬಿದಿರು ಕೋಲು. ಆ ಕೋಲಿನಿಂದ ನೆಲಕ್ಕೆ ಕುಟ್ಟುತ್ತಾಳೆ, ಸಭೆ ತಿರುಗಿ ನೋಡುತ್ತದೆ. ದೊರೆಯ ಗಮನ ಸೆಳೆಯುವುದಕ್ಕೆ ಅನ್ನುತ್ತದೆ ಕಥೆ. ಅದಕ್ಕೂ ಇನ್ನೂರು ವರ್ಷ ಹಿಂದೆ ಚೀನಾದಿಂದ ಬಂದ ಫಾಹಿಯಾನ್, ಚಾಂಡಾಲರು ಊರೊಳಗೆ ಕಾಲಿಡುವಾಗ ಕಟ್ಟಿಗೆ ಬಡಿದು ಸದ್ದು ಮಾಡಬೇಕು, ಉಳಿದವರು ಸೋಕದಂತೆ ಸರಿದುಕೊಳ್ಳುತ್ತಾರೆ ಎಂದು ಬರೆದಿಟ್ಟಿದ್ದಾನೆ. ಯಾವುದಕ್ಕೆ ಕುಟ್ಟಿದಳೋ ನೀವೇ ತೀರ್ಮಾನಿಸಿ.

ಹುಡುಗಿ ಅಪರೂಪದ ಚೆಲುವೆ. ದೊರೆಗೆ ಕಣ್ಣು ಕೀಳಲು ಆಗುವುದಿಲ್ಲ. ಆಗ ಅವನ ಮನಸ್ಸಿನಲ್ಲಿ ಬರುವ ಯೋಚನೆ ಏನು ಗೊತ್ತೇ? ಬ್ರಹ್ಮ ಇಂಥ ರೂಪವನ್ನು ಇಂಥ ಜಾತಿಯಲ್ಲಿ ಹಾಳುಮಾಡಿದನಲ್ಲ ಎಂಬ ಮರುಕ. ಜೊತೆಗೆ ಇನ್ನೊಂದು: ಮಾತಂಗ ಜಾತಿಯನ್ನು ಮುಟ್ಟಿದರೆ ಮೈಲಿಗೆ ಅಂತ ಹೆದರಿ ಬ್ರಹ್ಮ ಇವಳನ್ನು ಕೈಯಿಂದ ಮುಟ್ಟದೇ ಸೃಷ್ಟಿಸಿರಬೇಕು, ಅದಕ್ಕೇ ಇಷ್ಟು ಮಾಸದ ಚೆಲುವು ಎಂಬ ಊಹೆ.

ಗೆಳೆಯರೇ, ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿ. ಒಂದೇ ಕಥೆ. ಒಬ್ಬಳ ಕೈ ಸೋಕಿದರೆ ಹೆಣ ಕೊಳೆಯುವುದಿಲ್ಲ. ಇನ್ನೊಬ್ಬಳನ್ನು ಹುಟ್ಟಿಸುವಾಗ ಹುಟ್ಟಿಸಿದವನೇ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಾನೆ. ಇವರಿಬ್ಬರನ್ನು ಹೋಲಿಸಿ ಬರೆಯಿರಿ ಅಂತ ಯಾವ ಪ್ರಶ್ನೆಪತ್ರಿಕೆಯೂ ನಮ್ಮನ್ನು ಕೇಳಲಿಲ್ಲ. ಗಂಧರ್ವರ ಹುಡುಗಿಯನ್ನು ಗಂಧರ್ವರ ಹುಡುಗಿಯ ಜೊತೆಗೇ ತೂಗುತ್ತಾರೆ. ತಕ್ಕಡಿಯ ಎರಡು ತಟ್ಟೆಯೂ ಚಿನ್ನದ್ದೇ.

ಬಾಬಾಸಾಹೇಬರು ಈ ಪುಸ್ತಕವನ್ನು ಬಿಟ್ಟಿರಲಿಲ್ಲ. 1948ರಲ್ಲಿ ಬಂದ ‘ದಿ ಅನ್‌ಟಚಬಲ್ಸ್’ನಲ್ಲಿ ಅಸ್ಪೃಶ್ಯತೆ ಯಾವ ಕಾಲದಲ್ಲಿ ಹುಟ್ಟಿತು ಎಂದು ಹುಡುಕುತ್ತ, ಈ ಚಾಂಡಾಲಕನ್ಯೆಯನ್ನು ಸಾಕ್ಷಿಕಟ್ಟೆಗೆ ಕರೆದರು. ಇವಳು ಅಸ್ಪೃಶ್ಯಳೇ ಆಗಿದ್ದರೆ ಅರಮನೆಯ ಒಳಗೆ ಬಂದದ್ದು ಹೇಗೆ ಎಂದು ವಕೀಲರ ಹಾಗೆ ಪಾಟೀಸವಾಲು ಹಾಕಿದರು. ಅವರ ಪ್ರಶ್ನೆ ಇತಿಹಾಸದ್ದು. ನಾವು ಅಲ್ಲಿಂದ ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೇಳುತ್ತಿರುವುದು ಪ್ರೀತಿಯದ್ದು: ಒಳಗೆ ಬಂದವಳನ್ನು ಈ ಪ್ರೇಮಕಥೆ ಏನು ಮಾಡಿತು?

ಏನು ಮಾಡಿತು ಅಂದರೆ, ಅವಳನ್ನು ಇಲ್ಲವಾಗಿಸಿತು. ಕಥೆಯ ಕೊನೆಯಲ್ಲಿ ಅವಳು ಚಾಂಡಾಲಳೇ ಅಲ್ಲವಂತೆ. ಸಾಕ್ಷಾತ್ ಲಕ್ಷ್ಮಿಯಂತೆ, ಪುಂಡರೀಕನ ತಾಯಿಯಂತೆ. ಗಿಳಿಯಾದ ಮಗ ದಿಕ್ಕು ತಪ್ಪಿ ಹಾರಿಹೋಗದಂತೆ ಹಿಡಿದಿಟ್ಟು ಕಾಯಲು ಬಂದವಳಂತೆ. ಹಾಗಾದರೆ ಚಾಂಡಾಲ ವೇಷ ಯಾಕೆ? ಅವಳೇ ಹೇಳುತ್ತಾಳೆ: ಜನ ಹತ್ತಿರ ಬಾರದಿರಲಿ, ಮನುಷ್ಯರ ಸಂಪರ್ಕ ತಪ್ಪಲಿ ಅಂತ. ನೋಡಿ ಸ್ವಾಮಿ, ನಮ್ಮ ಜಾತಿಗೆ ಈ ಕಥೆಯಲ್ಲಿ ಸಿಕ್ಕ ಕೆಲಸ! ದೇವತೆಗೆ ಮೈಲಿಗೆ ತಟ್ಟದಿರಲು ಹೊದ್ದುಕೊಳ್ಳುವ ಕಂಬಳಿಕೊಪ್ಪೆ. ಮಳೆ ನಿಂತ ಮೇಲೆ ಕೊಪ್ಪೆ ಮೂಲೆಗೆ.

ಇನ್ನೂ ಒಂದು ಇದೆ. ಗಿಳಿಯನ್ನು ಬೇಡನೊಬ್ಬ ಹಿಡಿದು ಪಕ್ಕಣಕ್ಕೆ, ಅಂದರೆ ಚಾಂಡಾಲರ ಕೇರಿಗೆ ತರುತ್ತಾನೆ. ಆ ಕೇರಿಯ ವರ್ಣನೆಯಲ್ಲಿ ಮೂಳೆ, ರಕ್ತ, ಮಾಂಸ ಬಿಟ್ಟರೆ ಬೇರೇನೂ ಇಲ್ಲ. ಅಲ್ಲೊಂದು ಒಲೆಯ ಬೆಳಕಿಲ್ಲ, ಮಗುವಿಗೆ ಜೋಗುಳ ಹಾಡುವ ತಾಯಿ ಇಲ್ಲ. ನಾವು ಕೇರಿಯಲ್ಲೇ ಬೆಳೆದವರು, ಅಂಥ ಕೇರಿಯನ್ನು ಕಂಡಿಲ್ಲ. ಗಿಳಿ ಉಪವಾಸ ಕೂರುತ್ತದೆ, ಚಾಂಡಾಲರ ಕೈಯ ಆಹಾರ ಹೇಗೆ ತಿನ್ನುವುದು ಅಂತ. ಆಗ ಆ ಹುಡುಗಿ ಶಾಸ್ತ್ರ ಹೇಳುತ್ತಾಳೆ: ಹಣ್ಣನ್ನು ನಮ್ಮಂಥವರಿಂದಲೂ ತಗೋಬಹುದು, ನಮ್ಮ ಪಾತ್ರೆಯ ನೀರೂ ನೆಲಕ್ಕೆ ಬಿದ್ದರೆ ಶುದ್ಧ ಅನ್ನುತ್ತಾರೆ. ಗಿಳಿಗೆ ಆಶ್ಚರ್ಯ, ಚಾಂಡಾಲಿತಿಯ ಬಾಯಲ್ಲಿ ಇಂಥ ಮಾತೇ! ಮುಂದೆ ಒಂದು ಬೆಳಗ್ಗೆ ಕಣ್ಣು ಬಿಟ್ಟರೆ ಪಂಜರ ಚಿನ್ನದ್ದಾಗಿದೆ, ಕೇರಿ ಹೋಗಿ ದೇವತೆಗಳ ಪಟ್ಟಣದಂತಾಗಿದೆ. ಕಥೆ ಮುಂದಕ್ಕೆ ಓಡುತ್ತದೆ. ಆ ಕೇರಿಯಲ್ಲಿ ಹಿಂದಿನ ರಾತ್ರಿ ಮಲಗಿದ್ದವರು ಎಲ್ಲಿ ಹೋದರು? ಬಾಣನೂ ಹೇಳಲಿಲ್ಲ, ಬಾಣನ ಮಗನೂ ಹೇಳಲಿಲ್ಲ.

ನಮ್ಮಲ್ಲಿ ಒಬ್ಬಳು ತರಗತಿಯಲ್ಲಿ ಕೇಳಿಯೇಬಿಟ್ಟಳು. ‘ಸಾರ್, ಅವಳು ಕೋಲು ಯಾಕೆ ಕುಟ್ಟಿದ್ಲು?’

‘ಅದು ಪರೀಕ್ಷೆಗೆ ಬರಲ್ಲ ಕಣಮ್ಮ. ಕೂತ್ಕೋ.’

ಮೇಷ್ಟ್ರು ಒಳ್ಳೆಯವರೇ. ಚಂದ್ರೋದಯದ ವರ್ಣನೆ ಓದುವಾಗ ಅವರ ಕಣ್ಣು ಒದ್ದೆಯಾಗುತ್ತಿತ್ತು.

ವೇಷದ ವಿಷಯ ಬಂತಲ್ಲ, ಶೃಂಗೇರಿಯ ನೆರಳಿನಲ್ಲಿ ಬೆಳೆದ ನಮಗೆ ಇನ್ನೊಬ್ಬ ಚಾಂಡಾಲನೂ ಗೊತ್ತು. ಕಾಶಿಯ ಬೀದಿಯಲ್ಲಿ ಶಂಕರಾಚಾರ್ಯರಿಗೆ ಎದುರಾಗಿ, ‘ದೂರ ಹೋಗು’ ಅಂದದ್ದಕ್ಕೆ, ‘ಯಾವುದು ದೂರ ಹೋಗಬೇಕು, ದೇಹವೋ ಆತ್ಮವೋ’ ಎಂದು ಕೇಳಿದನಂತೆ. ಎಂಥ ಪ್ರಶ್ನೆ! ನಮ್ಮವನೊಬ್ಬ ಕೇಳಿದ ಅತ್ಯಂತ ದೊಡ್ಡ ಪ್ರಶ್ನೆ. ಆದರೆ ಐತಿಹ್ಯ ಅದನ್ನೂ ನಮಗೆ ಬಿಡಲಿಲ್ಲ. ಅವನು ಚಾಂಡಾಲನಲ್ಲ, ಶಿವ. ಪ್ರಶ್ನೆ ಚೆನ್ನಾಗಿದ್ದರೆ ಕೇಳಿದವನು ಶಿವ, ರೂಪ ಚೆನ್ನಾಗಿದ್ದರೆ ಹೊತ್ತವಳು ಲಕ್ಷ್ಮಿ. ಚಂದ್ರಾಪೀಡನ ಎಲೆಅಡಿಕೆ ಚೀಲ ಹೊತ್ತು ಹಗಲುರಾತ್ರಿ ಜೊತೆಗಿದ್ದ ಪತ್ರಲೇಖೆಯನ್ನೇ ತಗೊಳ್ಳಿ. ಸೆರೆಸಿಕ್ಕ ರಾಜನ ಮಗಳು, ಊಳಿಗದವಳು. ಅವಳಿಗೂ ಒಂದು ಮನಸ್ಸಿತ್ತೇ ಅಂತ ಕಥೆ ಕೇಳುವುದಿಲ್ಲ. ಕೊನೆಗೆ ಅವಳೂ ಚಂದ್ರನ ಹೆಂಡತಿ ರೋಹಿಣಿ ಅನ್ನುತ್ತದೆ, ಅಲ್ಲಿಗೆ ಮುಗಿಯಿತು. ಈ ಕಥೆಯಲ್ಲಿ ಯಾವ ಬೇಲಿಯೂ ಮುರಿಯುವುದಿಲ್ಲ. ಕಡೆಗೆ ಎಲ್ಲರೂ ಸರಿಜೋಡಿಗಳೇ. ಜಾತಕ ಕೂಡಿತು, ಗೋತ್ರ ಕೂಡಿತು. ಇದನ್ನೇ ಪ್ರೇಮಕಥೆ ಅನ್ನುವುದಾದರೆ ಮದುವೆ ದಲ್ಲಾಳಿಯ ಡೈರಿಯನ್ನೂ ಮಹಾಕಾವ್ಯ ಅನ್ನಬೇಕಾದೀತು.

‘ಕಾವ್ಯವನ್ನು ಕಾವ್ಯವಾಗಿ ಓದಿ’ ಅನ್ನುವವರು ಈಗ ಎದ್ದು ನಿಲ್ಲುತ್ತಾರೆ. ಓದಿದ್ದೇವೆ ಸ್ವಾಮಿ. ಪುಸ್ತಕ ಸುಡಿ ಅಂತ ನಾವು ಹೇಳುತ್ತಿಲ್ಲ. 1973ರಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದದ್ದಕ್ಕೆ ಅವರ ಮಂತ್ರಿಗಿರಿ ಹೋಯಿತು, ನಮ್ಮ ಹಾಸ್ಟೆಲ್ ಹುಡುಗರಿಗೆ ಏಟು ಬಿತ್ತು. ಇದರಲ್ಲಿ ಬೂಸಾ ಎಷ್ಟು, ಕಾಳು ಎಷ್ಟು ಅಂತ ಗೇರಿ ನೋಡುವುದಕ್ಕೆ ಮೊರ ನಮ್ಮ ಕೈಯಲ್ಲೂ ಇರಲಿ ಅನ್ನುವುದಷ್ಟೇ ನಮ್ಮ ಮಾತು. ಮೊರ ಹೆಣೆಯುವವರೂ ನಮ್ಮವರೇ ತಾನೆ.

ಈಗ ನಮ್ಮ ಮಲೆನಾಡಿನ ತಕ್ಕಡಿ. ಕುವೆಂಪು ಹುಟ್ಟಿದ್ದು 1904ರಲ್ಲಿ, ಇಲ್ಲೇ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಲ್ಲಿ. 1967ರಲ್ಲಿ ಬಂದ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿ ಸಿಂಬಾವಿ ಭರಮೈಹೆಗ್ಗಡೆಯ ಜೀತದಾಳು ಗುತ್ತಿ, ಬೆಟ್ಟಳ್ಳಿ ಹೊಲಗೇರಿಯ ತಿಮ್ಮಿಯನ್ನು ರಾತ್ರೋರಾತ್ರಿ ಹಾರಿಸಿಕೊಂಡು ಹೋಗುತ್ತಾನೆ. ಅವಳೂ ಮನಸ್ಸಿದ್ದೇ ಹೋಗುತ್ತಾಳೆ. ಗುತ್ತಿ ಸಾಧುಸಂತನಲ್ಲ. ಕುವೆಂಪು ಅದನ್ನು ಕೇರಿಯ ಒಳಗೆ ಕೂತು ಬರೆದವರೂ ಅಲ್ಲ, ಉಪ್ಪರಿಗೆಯ ಮನೆಯ ಕಡೆಯಿಂದ ನೋಡಿದವರು, ಆ ಜಗಳ ಇನ್ನೊಮ್ಮೆ ಆಡೋಣ. ಆದರೆ ಒಂದು ಮಾತು ಒಪ್ಪಲೇಬೇಕು. ಗುತ್ತಿ ಕೊನೆಯ ಪುಟದಲ್ಲಿ ಗಂಧರ್ವನಾಗುವುದಿಲ್ಲ. ತಿಮ್ಮಿ ಲಕ್ಷ್ಮಿಯಾಗುವುದಿಲ್ಲ. ಇಬ್ಬರೂ ಕೇರಿಯವರಾಗಿಯೇ ಪ್ರೀತಿಸುತ್ತಾರೆ, ಕೇರಿಯವರಾಗಿಯೇ ಓಡುತ್ತಾರೆ.

ಚಂದ್ರಾಪೀಡನಿಗೆ ಇಂದ್ರಾಯುಧ ಅಂತ ಒಂದು ಕುದುರೆ ಇತ್ತು. ಒಡೆಯ ಸತ್ತಾಗ ಪತ್ರಲೇಖೆ ಅದನ್ನು ಎಳೆದುಕೊಂಡು ಅಚ್ಛೋದಕ್ಕೆ ಧುಮುಕುತ್ತಾಳೆ. ನೀರಿನಿಂದ ಮೇಲೆ ಬಂದದ್ದು ಕುದುರೆಯಲ್ಲ, ಶಾಪ ಕಳಕೊಂಡ ಮುನಿಕುಮಾರ ಕಪಿಂಜಲ, ಪುಂಡರೀಕನ ಗೆಳೆಯ. ಗುತ್ತಿಗೂ ಒಂದು ನಾಯಿ ಇತ್ತು, ಹುಲಿಯ. ಒಡೆಯನ ಹಿಂದೆ ಬಂದ ಆ ನಾಯಿ ತುಂಬಿದ ತುಂಗೆಯಲ್ಲಿ ಕೊಚ್ಚಿಹೋಗುತ್ತದೆ. ಅದು ಮುನಿಯಾಗಿ ಎದ್ದು ಬರುವುದಿಲ್ಲ. ಹೋದದ್ದು ಹೋಯಿತು. ಶೃಂಗೇರಿಯ ಮೆಟ್ಟಿಲುಗಳಲ್ಲಿ ಯಾತ್ರಿಕರು ಮೀನಿಗೆ ಮಂಡಕ್ಕಿ ಎರಚುತ್ತಾರಲ್ಲ, ಅದೇ ಹೊಳೆ, ಸ್ವಲ್ಪ ಕೆಳಗೆ. ನಮ್ಮ ಪ್ರೀತಿಗಳು ಕಳಕೊಂಡದ್ದು ಹೀಗೆ, ವಾಪಸು ಬಾರದ ಹಾಗೆ.

ವಿರಹಕ್ಕೂ ಬಿಡುವು ಬೇಕು, ಗೆಳೆಯರೇ. ಮಹಾಶ್ವೇತೆ ವೀಣೆ ಹಿಡಿದು ಕೂತಳು, ಯಾರೂ ‘ನೆಟ್ಟಿಗೆ ಬಾರೇ’ ಅಂತ ಕರೆಯಲಿಲ್ಲ. ಮಲೆನಾಡಿನಲ್ಲಿ ನಮ್ಮ ಹಿರಿಯರನ್ನು ಎರಡು ಬಗೆಯಾಗಿ ಎಣಿಸುತ್ತಿದ್ದರು: ಹುಟ್ಟಾಳು, ಮಣ್ಣಾಳು. ಒಬ್ಬ ಮನೆತನಕ್ಕೆ ಸೇರಿದ ಆಳು, ಇನ್ನೊಬ್ಬ ಮಣ್ಣಿಗೆ ಸೇರಿದ ಆಳು. ಬ್ರಿಟಿಷರ ಕಾಲದ ಗೆಜೆಟಿಯರಿನಲ್ಲೇ ಈ ಹೆಸರುಗಳಿವೆ. ಹುಟ್ಟೂ ತನ್ನದಲ್ಲ, ಮಣ್ಣೂ ತನ್ನದಲ್ಲ. ಆಮೇಲೆ ಬಂದದ್ದು ಸಾಲದ ಜೀತ. ಆ ಸಾಲ ಯಾವುದಕ್ಕೆ? ಎಷ್ಟೋ ಮನೆಗಳಲ್ಲಿ ಮದುವೆಗೆ. ಹುಡುಗ ಹೆಣ್ಣನ್ನು ಮೆಚ್ಚಿದ. ತೆರ ಕೊಡಬೇಕು, ಸೀರೆ ತರಬೇಕು, ಕೇರಿಗೆ ಒಂದು ಹೊತ್ತು ಊಟ ಹಾಕಬೇಕು. ಒಡೆಯರ ಅಂಗಳಕ್ಕೆ ಹೋಗಿ ಕೈಕಟ್ಟಿ ನಿಂತ. ದುಡ್ಡು ಸಿಕ್ಕಿತು. ಪ್ರತಿಯಾಗಿ ತನ್ನ ದೇಹವನ್ನೇ ಒತ್ತೆಯಿಟ್ಟ. ಅಡಿಕೆ ತೋಟದಲ್ಲಿ, ಗದ್ದೆಯಲ್ಲಿ, ಸೊಪ್ಪಿನ ಬೆಟ್ಟದಲ್ಲಿ ವರ್ಷ ಕಳೆದರೂ ಸಾಲ ಕರಗಲಿಲ್ಲ. ಅವನ ಬದಲು ಮಗ ನಿಂತ. 1976ರಲ್ಲಿ ಜೀತ ರದ್ದತಿ ಕಾಯಿದೆ ಬಂತು. ಕಾಯಿದೆ ಬಂದಮೇಲೂ ಸಾಲದ ಪುಸ್ತಕಗಳು ತಕ್ಷಣ ಮುಚ್ಚಲಿಲ್ಲ.

ಕಾದಂಬರಿ ಪ್ರಿಯನ ದೇಹವನ್ನು ಒಂದು ವಸಂತದವರೆಗೆ ಕಾದಳು. ಅದನ್ನು ನಾವು ಕಡಿಮೆ ಅನ್ನುವುದಿಲ್ಲ. ಆದರೆ ಒಬ್ಬ ಹೆಣ್ಣಿನ ಜೊತೆ ಬಾಳುವುದಕ್ಕೋಸ್ಕರ ತನ್ನ ದೇಹವನ್ನು ಜೀವಮಾನಕ್ಕೆ ಒತ್ತೆಯಿಟ್ಟವನ ಪ್ರೇಮನಿಷ್ಠೆಯನ್ನು ಯಾವ ತಟ್ಟೆಯಲ್ಲಿ ಹಾಕುತ್ತೀರಿ? ಅವನ ಹೆಂಡತಿ ಗೊರಬು ಹೊದ್ದು ಮಳೆಯಲ್ಲಿ ನೆಟ್ಟಿ ನೆಟ್ಟು, ಒಡೆಯರ ಮನೆಯ ಅಡಿಕೆ ಸುಲಿದು, ರಾತ್ರಿ ಅವನ ಬೆನ್ನಿಗೆ ಬಿಸಿನೀರು ಹಾಕಿದಳಲ್ಲ, ಅವಳ ಕೈ ಸೋಕಿದ್ದಕ್ಕೆ ಯಾವ ಹೆಸರು? ಆ ದೇಹವೂ ಕೊಳೆಯದೆ ಉಳಿದದ್ದು ಅವಳ ಕೈಯಿಂದಲೇ. ಆಕಾಶವಾಣಿ ಮಾತ್ರ ಆಗಲಿಲ್ಲ.

ಇದು ಹಳೇ ಕಥೆ ಅನ್ನಬೇಡಿ. 1936ರಲ್ಲಿ ‘ಜಾತಿ ವಿನಾಶ’ದಲ್ಲಿ ಅಂಬೇಡ್ಕರ್ ಜಾತಿ ಮುರಿಯಲು ನಿಜವಾದ ಮದ್ದು ಅಂತರ್ಜಾತಿ ಮದುವೆ ಎಂದರು. ಇವತ್ತು ಸರ್ಕಾರ ಅಂಥ ಮದುವೆಗೆ ಪ್ರೋತ್ಸಾಹಧನ ಕೊಡುತ್ತದೆ, ಊರು ಬಹಿಷ್ಕಾರ ಕೊಡುತ್ತದೆ. ಮೇಲುಜಾತಿಯ ಹುಡುಗಿಯನ್ನು ಪ್ರ್ರೀತಿಸಿದ ನಮ್ಮ ಹುಡುಗ ಮೊಬೈಲಿನಲ್ಲಿ ತನ್ನ ಮನೆಯ ಫೋಟೋ ಕಳಿಸಲು ಅಂಜುತ್ತಾನೆ. ಹುಡುಗಿಯ ಮನೆಯವರು ಕೇಳುವ ಮೊದಲ ಮಾತು ‘ಯಾವ ಕೇರಿ?’ ಕೆಲಸ ಸಿಕ್ಕಿ, ಇಂಗ್ಲಿಷ್ ಬಂದು, ಕೇರಿಯ ಗುರುತೆಲ್ಲ ಅಳಿಸಿದ ಮೇಲೆ ‘ನೋಡಿದರೆ ಹಾಗೆ ಕಾಣಲ್ಲ’ ಅಂತ ಹೊಗಳುತ್ತಾರೆ. ಶೂದ್ರಕನ ಯೋಚನೆ ಇನ್ನೂ ಸತ್ತಿಲ್ಲ, ಪ್ಯಾಂಟು ಹಾಕಿಕೊಂಡು ಓಡಾಡುತ್ತಿದೆ. ನಮ್ಮ ಕವಿಗೆಳೆಯರಿಗೂ ಒಂದು ಮಾತು: ಪ್ರೇಮಪದ್ಯ ಬರೆಯುವಾಗ ಮಾತ್ರ ಚಂದ್ರ, ತಾವರೆ, ಬಿಳಿಮೈ ಹುಡುಕಿಕೊಂಡು ಅಚ್ಛೋದಕ್ಕೆ ಹೋಗುತ್ತೀರಲ್ಲ, ನಿಮ್ಮವ್ವನ ಕೈ ನೋಡಿದ್ದೀರಾ?

ಹಳ್ಳಿ ಶಾಲೆಯ, ಕಾಲೇಜಿನ ಮೇಷ್ಟ್ರುಗಳೇ, ನಿಮ್ಮಲ್ಲಿ ಅನೇಕರು ನಮ್ಮವರು. ಮಹಾಶ್ವೇತೆ–ಕಾದಂಬರಿಯರನ್ನು ಹೋಲಿಸಿ ಅಂತ ಈ ವರ್ಷವೂ ಕೇಳಿ, ಬೇಡ ಅನ್ನುವುದಿಲ್ಲ. ಜೊತೆಗೆ ಇವನ್ನೂ ಕೇಳಿ. ಬಿದಿರು ಕೋಲಿನ ಹುಡುಗಿ ಲಕ್ಷ್ಮಿ ಆಗಿರದಿದ್ದರೆ ಕಥೆ ಅವಳನ್ನು ಕೊನೆಯ ತನಕ ಇಟ್ಟುಕೊಳ್ಳುತ್ತಿತ್ತೇ? ಕೇರಿ ದೇವತೆಗಳ ಪಟ್ಟಣವಾದ ಬೆಳಗ್ಗೆ ಕೇರಿಯವರು ಎಲ್ಲಿದ್ದರು? ನಿಮ್ಮ ಮನೆಯಲ್ಲಿ ಯಾರ ಮದುವೆಗೆ ಯಾರು, ಎಷ್ಟು ವರ್ಷ ದುಡಿದರು? ಮೂರನೆಯದಕ್ಕೆ ಮಕ್ಕಳು ಅಜ್ಜಿಯನ್ನು ಕೇಳಿಕೊಂಡೇ ಬರೆಯಬೇಕು, ಗೈಡಿನಲ್ಲಿ ಸಿಗದು. ಬಂದ ಉತ್ತರಗಳನ್ನು ನಮ್ಮ ಪತ್ರಿಕೆಗೆ ಕಳಿಸಿ. ಕಾರ್ಡಿನಲ್ಲಿ ಬರೆದರೂ ಸರಿ, ಮೊಬೈಲಿನಲ್ಲಿ ಕಳಿಸಿದರೂ ಸರಿ. ಕಾಗುಣಿತ ತಿದ್ದದೆ ಅಚ್ಚು ಹಾಕುತ್ತೇವೆ.